ಬೈಸಿಕಲ್ಲಿನ ಚರಿತ್ರೆಯೂ ಸವಾರರ ಸುರಕ್ಷತೆಯೂ

ನಾವು ಇಂದು ಸೈಕಲ್ಲೆಂದು ಕರೆಯುವ ವಾಹನಕ್ಕೆ ಆಂಗ್ಲರು ಮೊದಲು ಇಟ್ಟ ಹೆಸರು ‘ಸೇಫ್ಟಿ ಬೈಸಿಕಲ್’, ಅಂದರೆ ಸುರಕ್ಷಿತವಾದ ದ್ವಿಚಕ್ರವಾಹನ. ಈ ಹೆಸರು ಯಾತಕ್ಕೆ ಬಂದಿತೆಂಬುದನ್ನು ಅರಿತರೆ, ಅದನ್ನು ಏರುವ ದೊಡ್ಡವರಿಗೂ ಚಿಕ್ಕವರಿಗೂ ಹಿತವಾದ ಪಾಠವೊಂದು ದೊರೆಯುವದು.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬವನು ನಿರ್ಮಿಸಿದ ವಾಹನಕ್ಕೆ ಪೆಡಲುಗಳಿರಲಿಲ್ಲ. ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಪ್ಯಾರಿಸಿನವರು ಮುಂದಿನ ಗಾಲಿಗೆ ಪೆಡಲು ಕೂಡಿಸಿದರು. ಒಮ್ಮೆ ತುಳಿದರೆ ಗಾಲಿಯು ಒಂದೇ ಸುತ್ತು ತಿರುಗುತ್ತಿದ್ದುದರಿಂದ, ವೇಗದ ಆಸೆಗೆ ಮುಂದಿನ ಗಾಲಿಯನ್ನು ಹಿಗ್ಗಿಸುತ್ತ ಹೋಗಿ ಐದು ಅಡಿಯವರೆಗೆ ತಂದರು. ಅಷ್ಟೆತ್ತರದಲ್ಲಿ ಕುಳಿತವನು, ಗಾಲಿಯು ಕಲ್ಲಿಗೆ ತಾಗಿದೊಡನೆ ತಲೆಕೆಳಗಾಗಿ ಬೀಳುತ್ತಿದ್ದನು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಗಾಲಿಗಳೆರಡನ್ನೂ ಹೆಚ್ಚು ಕಡಿಮೆ ಸಮವಾಗಿ ಮಾಡಿ, ಹಿಂದಿನ ಗಾಲಿಗೆ ಸರಪಳಿಯಿಂದ ಚಾಲನೆ ಕೊಟ್ಟನು. ಸವಾರನು ನೆಲಕ್ಕೆ ಸಮೀಪನಾದನು. ‘ಸುರಕ್ಷಿತ’ವೆಂಬ ಹೆಸರಿಗೆ ಇದೇ ಕಾರಣ. 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯನು ತನ್ನ ಮಗನ ಮೂರುಗಾಲಿಯ ವಾಹನಕ್ಕಾಗಿ ಗಾಳಿ ತುಂಬಿದ ಟಾಯರನ್ನು ರಚಿಸಿದನು.

ಹೀಗೆ ಯಂತ್ರವು ಸುರಕ್ಷಿತವಾಯಿತು, ದಾರಿಯು ಆಗಲಿಲ್ಲ. ನಮ್ಮ ರಾಣೆಬೆನ್ನೂರು, ಬ್ಯಾಡಗಿಗಳ ಕಡೆಗೆ ಸೈಕಲ್ಲು ಬಂದ ಕಾಲಕ್ಕೆ ಅದರ ಜೊತೆಗಾರರೆಂದರೆ ಹತ್ತಿ, ಮೆಣಸಿನಕಾಯಿ ಹೇರಿದ ಚಕ್ಕಡಿಗಳು. ಪುಣೆ-ಬೆಂಗಳೂರು ಹೆದ್ದಾರಿಯು ಈ ಶತಮಾನದಲ್ಲಿ ಅಗಲವಾದ ಮೇಲೆ ಮೋಟೆಬೆನ್ನೂರು, ಚಳಗೇರಿಗಳ ಬಳಿಯಲ್ಲಿ ಲಾರಿಗಳು ಸಾಗುವ ವೇಗವೇ ಬೇರೆ. ಇದೇ ಅವಧಿಯಲ್ಲಿ, 2006-07ರಿಂದ, ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚಲಾರಂಭಿಸಿತು. ಹಳ್ಳಿಯ ಬಾಲಿಕೆಯರಿಗೆ ದೂರದ ಶಾಲೆಯು ಹತ್ತಿರವಾಯಿತು. ಆದರೆ ವಾಹನ ಕೊಟ್ಟಷ್ಟಕ್ಕೆ ದೊಡ್ಡವರ ಹೊಣೆ ತೀರುವದಿಲ್ಲ.

ಮೊದಲನೆಯದು ಅಳತೆ. ಆಸನದ ಮೇಲೆ ಕುಳಿತ ಮಗುವಿನ ಪಾದಗಳ ತುದಿಯಾದರೂ ನೆಲಕ್ಕೆ ಎಟುಕಬೇಕು. ‘ಮುಂದೆ ಬೆಳೆದಾನು’ ಎಂದು ದೊಡ್ಡ ಸೈಕಲ್ಲು ಕೊಳ್ಳುವದು, ಬಿಟ್ಟುಹೋದ ಎತ್ತರದ ಗಾಲಿಯ ಅಪಾಯವನ್ನೇ ಮನೆಗೆ ಮರಳಿ ತಂದಂತೆ. ಎರಡನೆಯದು ತಡೆ. ಮುಂದಿನ ಬ್ರೇಕನ್ನೊಂದನ್ನೇ ಗಟ್ಟಿಯಾಗಿ ಹಿಡಿದರೆ ಸವಾರನು ಇಂದಿಗೂ ಮುಂದಕ್ಕೆ ಮುಗ್ಗರಿಸುವನು. ಎರಡನ್ನೂ ಕೂಡಿಯೇ, ಮೆಲ್ಲಗೆ ಒತ್ತಬೇಕು. ಮೂರನೆಯದು ಹಿಂದೆ ಕುಳಿತ ಕೂಸಿನ ಕಾಲು. ಅದರ ಹಿಮ್ಮಡಿಯು ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿ ಮಾಂಸ ಕಿತ್ತುಬರುವದುಂಟು. ಆದುದರಿಂದ ಕಾಲೂರಲು ಮೆಟ್ಟಿಲು, ಕಡ್ಡಿಗಳಿಗೆ ಜಾಲರಿ ಇಲ್ಲದೆ ಕೂಸನ್ನು ಕೂಡ್ರಿಸಲಾಗದು. ಸೀರೆಯ ಸೆರಗು, ಧೋತರದ ಅಂಚು ಸರಪಳಿಗೆ ಸಿಕ್ಕದಂತೆ ಅದಕ್ಕೆ ಮುಚ್ಚಳವಿರಬೇಕು.

ಎಡಗಡೆಯಲ್ಲಿ ಒಬ್ಬರ ಹಿಂದೊಬ್ಬರಾಗಿ ಸಾಗುವದು, ತಿರುಗುವ ಮೊದಲು ಹಿಂದೆ ನೋಡಿ ಕೈತೋರುವದು, ತಲೆಗೆ ಶಿರಸ್ತ್ರಾಣ ಧರಿಸುವದು, ಕತ್ತಲೆಯಲ್ಲಿ ಮುಂದೆ ದೀಪವನ್ನೂ ಹಿಂದೆ ಕೆಂಪು ಹೊಳಪನ್ನೂ ಇಡುವದು ಇವು ಎಲ್ಲರಿಗೂ ಸಮಾನ. ಹೆದ್ದಾರಿಯನ್ನಾದರೋ ಮಕ್ಕಳು ಇಳಿದು, ಸೈಕಲ್ಲನ್ನು ತಳ್ಳಿಕೊಂಡೇ ದಾಟಬೇಕು. ಕೆಳಸೇತುವೆ ಇದ್ದಲ್ಲಿ ಸುತ್ತಾದರೂ ಅದೇ ದಾರಿ.

ತಂದೆಯೇ ಎದುರುದಿಕ್ಕಿನಲ್ಲಿ ವಾಹನ ನಡೆಯಿಸಿದರೆ ಮಗನಿಗೆ ಯಾವ ಬೋಧೆಯೂ ಹತ್ತದು. ಸುಜ್ಞರಾದ ವಾಚಕರು ಬರುವ ಭಾನುವಾರ ಮಗುವಿನೊಡನೆ ಶಾಲೆಯವರೆಗೆ ಒಮ್ಮೆ ಹೋಗಿ, ಎಲ್ಲಿ ಇಳಿಯಬೇಕು, ಎಲ್ಲಿ ದಾಟಬೇಕು ಎಂಬುದನ್ನು ಸ್ವತಃ ತೋರಿಸಿಕೊಡಬೇಕೆಂದು ನಮ್ಮ ವಿಜ್ಞಾಪನೆ.