ಆಪರೇಷನ್ನಿಗೆ ಮೊದಲಿನ ಕೆಲಸ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಬೆಳೆದು ಬಂದ ದಾರಿ

ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಯಾರಾದರೂ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕೆಂದರೆ ಬಸ್ಸು ಹತ್ತಬೇಕು. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದವರ ಪಾಡೂ ಅದೇ. ದೊಡ್ಡ ಆಸ್ಪತ್ರೆಗಳಿರುವುದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಯಲ್ಲಿ. 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಈ ಭಾಗದ ಜನ ದೊಡ್ಡ ಕಾಯಿಲೆಗೆ ಹಿಡಿಯುತ್ತ ಬಂದ ದಾರಿ ಅದು. ಎಲ್ಲ ಸರಿಹೋದರೆ ಆಪರೇಷನ್ ಮುಗಿಸಿಕೊಂಡು ಕೆಲವೇ ದಿನಗಳಲ್ಲಿ ಮನೆಗೆ ಮರಳಬಹುದು. ಆದರೆ ಅದಕ್ಕೆ ಮೊದಲಿನ ತಿಂಗಳುಗಳೂ ನಂತರದ ವರ್ಷಗಳೂ ಕಳೆಯುವುದು ಊರಲ್ಲೇ, ಮನೆಯ ಅಡುಗೆಯನ್ನೇ ಉಂಡು. ಈ ಚಿಕಿತ್ಸೆಯ ಎಪ್ಪತ್ತು ವರ್ಷದ ಚರಿತ್ರೆಯನ್ನು ತಿರುವಿದರೆ ಒಂದು ಮಾತು ಎದ್ದು ಕಾಣುತ್ತದೆ: ಕತ್ತರಿಯ ಕೌಶಲ ಬೇಗ ಬೆಳೆಯಿತು, ರೋಗಿಯನ್ನು ಅದಕ್ಕೆ ಸಜ್ಜು ಮಾಡುವ ತಿಳಿವಳಿಕೆ ತಡವಾಗಿ ಬಂತು, ರೋಗಿಯ ಜೊತೆ ನಿಲ್ಲುವ ವ್ಯವಸ್ಥೆಯಂತೂ ನಮ್ಮ ತಾಲೂಕುಗಳ ಮಟ್ಟಿಗೆ ಇನ್ನೂ ಆಗಬೇಕಾದ ಕೆಲಸವಾಗಿಯೇ ಉಳಿದಿದೆ.

ಕರುಳು ಕತ್ತರಿಸಿದ ಕಾಲ

1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಅವರ ಜೊತೆಗಾರರು ಸಣ್ಣ ಕರುಳಿನ ಬಹುಭಾಗವನ್ನು ದಾಟಿಸಿ ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸುವ ವಿಧಾನವನ್ನು ವರದಿ ಮಾಡಿದರು. ಉಂಡದ್ದು ಮೈಗೆ ಹತ್ತದೆ ಹೊರಟುಹೋಗಲಿ ಎಂಬುದು ಲೆಕ್ಕಾಚಾರ. ತೂಕವೇನೋ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಲ್ಲಿ ಪಿತ್ತಜನಕಾಂಗದ ಸೋಲು ಬಂದವು. 1980ರ ಹೊತ್ತಿಗೆ ವೈದ್ಯರು ಆ ದಾರಿಯನ್ನು ಬಿಟ್ಟರು.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆ ದಾರಿ ಹುಡುಕಿದರು. ಹುಣ್ಣಿನ ಕಾಯಿಲೆಗೆ ಜಠರದ ಭಾಗ ತೆಗೆಸಿಕೊಂಡವರು ಆಮೇಲೆ ಮೈ ಬೆಳೆಸಿಕೊಳ್ಳುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. 1966ರಲ್ಲಿ ಚಿಕಾಶಿ ಇಟೋ ಜೊತೆ ಜಠರವನ್ನೇ ಚಿಕ್ಕದು ಮಾಡಿ ಕರುಳಿಗೆ ಜೋಡಿಸಿದರು. ಇಂದಿನ ಗ್ಯಾಸ್ಟ್ರಿಕ್ ಬೈಪಾಸ್‌ನ ಮೂಲ ಅದು. 1970ರ ದಶಕದಲ್ಲಿ ಇಟಲಿಯ ಜಿನೋವಾದಲ್ಲಿ ನಿಕೋಲಾ ಸ್ಕೊಪಿನಾರೊ ಇನ್ನೊಂದು ಬಗೆಯ ಬೈಪಾಸ್ ರೂಪಿಸಿದರು. ಆ ಕಾಲದಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಸೀಳಿಯೇ ಇವೆಲ್ಲ ನಡೆಯಬೇಕಿತ್ತು. ಸಜ್ಜಾಗುವುದು ಎಂದರೆ ಅರಿವಳಿಕೆ ತಡೆದುಕೊಳ್ಳುವಷ್ಟು ಹೃದಯ, ಶ್ವಾಸಕೋಶ ಗಟ್ಟಿ ಇವೆಯೇ ಎಂದು ನೋಡುವುದಷ್ಟೇ ಆಗಿತ್ತು.

ಈ ಕ್ಷೇತ್ರಕ್ಕೆ ಒಂದು ಶಿಸ್ತು ತಂದದ್ದು 1991. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಮಾಲೋಚನಾ ಸಭೆ ಯಾರಿಗೆ ಆಪರೇಷನ್ ಎಂಬ ಗೆರೆ ಎಳೆಯಿತು: ಬಿಎಂಐ 40 ದಾಟಿದವರು, ಅಥವಾ 35 ದಾಟಿ ಮಧುಮೇಹ, ಉಸಿರಾಟದ ತೊಂದರೆಯಂಥ ಕಾಯಿಲೆ ಇದ್ದವರು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಅದೇ ಸಭೆ ಇನ್ನೊಂದು ಮಾತನ್ನೂ ಹೇಳಿತು. ಸರ್ಜನ್ ಒಬ್ಬರೇ ತೀರ್ಮಾನಿಸಬಾರದು. ಫಿಜಿಷಿಯನ್, ಮನೋವೈದ್ಯರು, ಆಹಾರ ತಜ್ಞರು ಸೇರಿ ರೋಗಿಯನ್ನು ನೋಡಬೇಕು. ಪೂರ್ವಸಿದ್ಧತೆ ಎಂಬುದು ಚಿಕಿತ್ಸೆಯ ಭಾಗವಾದದ್ದು ಅಲ್ಲಿಂದ.

ರಂಧ್ರದಿಂದ ಆಪರೇಷನ್, ಹಾರ್ಮೋನಿನ ಅರಿವು

1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಸಣ್ಣ ರಂಧ್ರಗಳ ಮೂಲಕ, ಲ್ಯಾಪರೋಸ್ಕೋಪಿಯಿಂದ ಬೈಪಾಸ್ ಮಾಡಿದ್ದನ್ನು ವರದಿ ಮಾಡಿದರು. ನೋವು ಕಡಿಮೆಯಾಯಿತು, ಗಾಯ ಬೇಗ ಮಾಯತೊಡಗಿತು. ಬಳಿಕ ಬಂದ ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲಿಗಿಂತ ಹೆಚ್ಚು ಭಾಗ ತೆಗೆದು ಉಳಿದದ್ದನ್ನು ಕೊಳವೆಯಂತೆ ಬಿಡುತ್ತಾರೆ. ತೀರಾ ದಪ್ಪವಿರುವವರಿಗೆ ಎರಡು ಹಂತದ ಚಿಕಿತ್ಸೆಯ ಮೊದಲ ಹಂತವಾಗಿ ಶುರುವಾದ ಸ್ಲೀವ್ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ತೂಕ ಇಳಿಸುವ ಆಪರೇಷನ್.

ಹೊಟ್ಟೆ ಚಿಕ್ಕದಾದರೆ ಊಟ ಕಡಿಮೆ ಎಂಬ ಸರಳ ವಿವರಣೆಯೂ ಸಾಲದಾಯಿತು. 1999ರಲ್ಲಿ ಜಪಾನಿನ ಸಂಶೋಧಕರು ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಗುರುತಿಸಿದರು. ಅದು ಹೆಚ್ಚಾಗಿ ಹುಟ್ಟುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಜಠರದ ಮೇಲ್ಭಾಗದಲ್ಲೇ. ಬೈಪಾಸ್ ಆದವರಲ್ಲಿ ತೂಕ ಇಳಿಯುವ ಮೊದಲೇ ರಕ್ತದ ಸಕ್ಕರೆ ಹತೋಟಿಗೆ ಬರುವುದನ್ನು ಅಮೆರಿಕದ ವಾಲ್ಟರ್ ಪೋರೀಸ್ 1995ರಲ್ಲೇ ತೋರಿಸಿದ್ದರು. ಸ್ವೀಡನ್ನಿನಲ್ಲಿ 4,047 ಜನರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆಪರೇಷನ್ ಮಾಡಿಸಿಕೊಂಡ ಗುಂಪಿನಲ್ಲಿ ಸಾವಿನ ಪ್ರಮಾಣ ಸುಮಾರು ಕಾಲುಭಾಗ ಕಡಿಮೆ ಇತ್ತು. ಆಪರೇಷನ್ನಿನ ಅಪಾಯದ ಲೆಕ್ಕವೂ ಸಿಕ್ಕಿತು: 2009ರಲ್ಲಿ ಅಮೆರಿಕದ ಹತ್ತು ಆಸ್ಪತ್ರೆಗಳ ಅಧ್ಯಯನದಲ್ಲಿ ಮೂವತ್ತು ದಿನದೊಳಗಿನ ಸಾವು ಶೇ. 0.3.

ನಮ್ಮ ಮೈಗೆ ನಮ್ಮ ಗೆರೆ

ಭಾರತದಲ್ಲಿ ಈ ಕ್ಷೇತ್ರ ಸಂಘಟಿತವಾದದ್ದು ಹೊಸ ಶತಮಾನದಲ್ಲಿ; ಬೊಜ್ಜಿನ ಶಸ್ತ್ರಚಿಕಿತ್ಸಕರ ರಾಷ್ಟ್ರೀಯ ಸಂಘ ಹುಟ್ಟಿದ್ದು 2002ರಲ್ಲಿ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಈ ಆಪರೇಷನ್ ಮಾಡಿಸಿಕೊಂಡಾಗ ಹಳ್ಳಿಯ ಚಹಾದಂಗಡಿಯವರೆಗೂ ಸುದ್ದಿ ಮುಟ್ಟಿತು. ಇದೂ ಒಂದು ಚಿಕಿತ್ಸೆ ಎಂದು ಹಲವರು ಮೊದಲು ಕೇಳಿದ್ದು ಆಗ.

ಭಾರತೀಯರ ಮೈಯಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂಡುತ್ತದೆ, ಮಧುಮೇಹ ಕಡಿಮೆ ತೂಕಕ್ಕೇ ಹತ್ತುತ್ತದೆ. ಅದಕ್ಕೆ 2009ರಲ್ಲಿ ನಮ್ಮ ತಜ್ಞರು ಬೇರೆ ಗೆರೆ ಹಾಕಿದರು: ಬಿಎಂಐ 25 ದಾಟಿದರೆ ಬೊಜ್ಜು, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಿದರೆ ಎಚ್ಚರ, ಆಪರೇಷನ್ನಿಗೆ 37.5, ಜೊತೆಗೆ ಕಾಯಿಲೆ ಇದ್ದರೆ 32.5. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಮಿತಿಗಳನ್ನು ಇನ್ನಷ್ಟು ಇಳಿಸಿತು.

ಆರೋಗ್ಯ ವಿಮೆಯ ಗೆರೆ ಮಾತ್ರ ಹಳೆಯದೇ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮದ ಪ್ರಕಾರ ರೋಗಿಗೆ 18 ತುಂಬಿರಬೇಕು, ಬಿಎಂಐ 40 ಇರಬೇಕು, ಅಥವಾ 35 ಇದ್ದು ಹೃದ್ರೋಗ, ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಮಧುಮೇಹದಂಥ ತೊಂದರೆ ಇರಬೇಕು. ಬೇರೆ ದಾರಿಗಳು ಫಲಿಸಲಿಲ್ಲ ಎಂಬುದಕ್ಕೆ ದಾಖಲೆಯೂ ಬೇಕು. ಹೀಗಾಗಿ ವೈದ್ಯರು ಆಪರೇಷನ್ ಬೇಕು ಅಂದರೂ ವಿಮೆ ಹಣ ಕೊಡದ ಒಂದು ನಡುವಿನ ಗುಂಪು ಉಳಿದಿದೆ. ಖರ್ಚು ಲಕ್ಷಗಳ ಲೆಕ್ಕದ್ದು. ಕಬ್ಬಿನ ಬಿಲ್ಲನ್ನೋ ಹೊಲದ ಮೇಲಿನ ಸಾಲವನ್ನೋ ನೆಚ್ಚುವ ಮನೆಯವರು ಪಾಲಿಸಿಯ ಈ ಷರತ್ತನ್ನು ಮೊದಲೇ ಓದಿಸಿಕೊಳ್ಳಬೇಕು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲಿಪೋಸಕ್ಷನ್ ತೂಕದ ಕಾಯಿಲೆಗೆ ಮದ್ದಲ್ಲ, ಅದು ಆಕಾರ ತಿದ್ದುವ ಸೌಂದರ್ಯ ಚಿಕಿತ್ಸೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಿಗೇ, 21ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆತ್ತವರಿಗೆ ತಿಳಿಸದೆ ಹೋಗಿದ್ದರೆಂದು ಪತ್ರಿಕೆಗಳು ಬರೆದವು. ಯಾವ ಚಿಕಿತ್ಸೆ, ಯಾವ ಆಸ್ಪತ್ರೆ, ತುರ್ತು ಬಂದರೆ ಐಸಿಯು ಇದೆಯೇ ಎಂದು ವಿಚಾರಿಸಲು ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂಬುದನ್ನು ಆ ಸಾವು ಕಲಿಸಿತು.

ಸಜ್ಜಾಗುವುದು ಎಂದರೇನು

1991ರ ನಂತರ ಪೂರ್ವಸಿದ್ಧತೆಯ ಹೆಸರಲ್ಲಿ ಅತಿರೇಕವೂ ನಡೆಯಿತು. ಅಮೆರಿಕದ ಹಲವು ವಿಮಾ ಕಂಪನಿಗಳು ಆರು ತಿಂಗಳು ಪಥ್ಯ ಮಾಡಿ ತೂಕ ಇಳಿಸಿ ತೋರಿಸಿದರೆ ಮಾತ್ರ ಹಣ ಎಂದವು. ಇಂಥ ಕಡ್ಡಾಯದಿಂದ ಲಾಭವಿದೆ ಎಂಬುದಕ್ಕೆ ಆಧಾರವಿಲ್ಲ, ಚಿಕಿತ್ಸೆ ತಡವಾಗುತ್ತದೆ ಅಷ್ಟೇ ಎಂದು ಅಲ್ಲಿಯ ಶಸ್ತ್ರಚಿಕಿತ್ಸಕರ ಸಂಘ 2011ರಲ್ಲೂ 2016ರಲ್ಲೂ ಹೇಳಿತು. ರೋಗಿಯ ಛಲವನ್ನು ಪರೀಕ್ಷಿಸುವುದು ಬೇರೆ, ಅವರ ಮೈಮನಸ್ಸನ್ನು ಹದ ಮಾಡುವುದು ಬೇರೆ. ಉಪಯೋಗಕ್ಕೆ ಬಂದದ್ದು ಎರಡನೆಯದು.

ಅದರಲ್ಲಿ ಮೊದಲನೆಯದು ಪಿತ್ತಜನಕಾಂಗ. ದಪ್ಪ ಇರುವವರಲ್ಲಿ ಅದು ಕೊಬ್ಬು ತುಂಬಿ ಉಬ್ಬಿರುತ್ತದೆ, ಜಠರದ ಮೇಲೆ ಕವಿದಿರುತ್ತದೆ. ಅದನ್ನು ಎತ್ತಿ ಹಿಡಿಯದೆ ಕೆಲಸ ಸಾಗದು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ನೋಡಿದಾಗ ಪಿತ್ತಜನಕಾಂಗ ಕುಗ್ಗಿತು. ಕುಗ್ಗಿದ್ದರಲ್ಲಿ ಹೆಚ್ಚಿನ ಪಾಲು ಮೊದಲ ಎರಡು ವಾರದಲ್ಲೇ ಆಗಿತ್ತು. ಇಂದು ಬಹಳ ಕಡೆ ಎರಡು ವಾರದ ಪಥ್ಯ ಹೇಳುವುದರ ಹಿಂದಿನ ಕಾರಣ ಇದು. ಸಕ್ಕರೆ ಬಿಡಬೇಕು, ಅನ್ನ-ರೊಟ್ಟಿ ತಗ್ಗಿಸಬೇಕು, ಪ್ರೋಟೀನ್ ಹೆಚ್ಚಿಸಬೇಕು. ಆಸ್ಪತ್ರೆಯ ಚೀಟಿಯಲ್ಲಿ ಪೌಡರ್ ಡಬ್ಬಿಯ ಹೆಸರಿರುತ್ತದೆ. ಮನೋಳಿಯ ಅಡುಗೆಮನೆಯಲ್ಲಿ ಮಡಕಿಕಾಳಿನ ಮೊಳಕೆ, ಹೆಸರುಕಾಳು, ಮೊಸರು, ಮಜ್ಜಿಗೆ, ತಿನ್ನುವವರಿಗೆ ತತ್ತಿ ಇವೆ. ಎಷ್ಟು, ಯಾವ ಹೊತ್ತಿಗೆ ಎಂದು ಆಹಾರ ತಜ್ಞರಿಂದ ಈ ಪದಾರ್ಥಗಳ ಹೆಸರಿನಲ್ಲೇ ಬರೆಸಿಕೊಂಡರೆ ಪಥ್ಯ ನಡೆಯುತ್ತದೆ. ಮಧುಮೇಹದ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಎರಡನೆಯದು ರಕ್ತದ ಪರೀಕ್ಷೆ. ಶಾಕಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಅದನ್ನು ಹೆಚ್ಚಿಸಬಹುದು. ಹೆಂಗಸರಲ್ಲಿ ಕಬ್ಬಿಣಾಂಶವೂ ಕಡಿಮೆ. ಆಪರೇಷನ್ ಆದಮೇಲೆ ಇವನ್ನು ಹೀರಿಕೊಳ್ಳುವ ಶಕ್ತಿ ಇನ್ನೂ ಕುಗ್ಗುವುದರಿಂದ ಕೊರತೆಯನ್ನು ಮೊದಲೇ ತುಂಬಿಕೊಳ್ಳಬೇಕು, ಜೀವಮಾನವಿಡೀ ಗುಳಿಗೆ ನುಂಗಲು ಮನಸ್ಸು ಮಾಡಿರಬೇಕು.

ಮೂರನೆಯದು ಗೊರಕೆ. ಮನೆಯವರು ನಗುವ ಗೊರಕೆಯ ಹಿಂದೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಇರಬಹುದು; ಅರಿವಳಿಕೆಯ ವೇಳೆ ಅದು ಅಪಾಯ. ಕೆನಡಾದ ಟೊರಾಂಟೊದಲ್ಲಿ 2008ರಲ್ಲಿ ರೂಪಿಸಿದ ಪ್ರಶ್ನಾವಳಿಯನ್ನು ವೈದ್ಯರು ಇದಕ್ಕೆ ಬಳಸುತ್ತಾರೆ. ಮಲಗಿದಾಗ ಉಸಿರು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಪಕ್ಕದಲ್ಲಿ ಮಲಗುವವರು. ಬೀಡಿ, ಸಿಗರೇಟು ವಾರಗಳ ಮೊದಲೇ ನಿಲ್ಲಬೇಕು. ಹೊಗೆ ಸೇದುವವರಲ್ಲಿ ಜಠರ-ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಆಪರೇಷನ್ನಿನ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭ ಮುಂದೂಡಬೇಕು. ಈ ಮಾತು ಅತ್ತೆ-ಗಂಡನ ಕಿವಿಗೂ ಮೊದಲೇ ಬೀಳುವುದು ಒಳ್ಳೆಯದು.

ಕೊನೆಯದು ಮನಸ್ಸು, ಎಲ್ಲಕ್ಕಿಂತ ತಡವಾಗಿ ಲೆಕ್ಕಕ್ಕೆ ಬಂದದ್ದು. ಬೇಸರಕ್ಕೆ, ಸಿಟ್ಟಿಗೆ ತಿನ್ನುವ ರೂಢಿ ಆಪರೇಷನ್ನಿನಿಂದ ಹೋಗುವುದಿಲ್ಲ. 2012ರ ಒಂದು ಅಮೆರಿಕನ್ ಅಧ್ಯಯನ ಬೈಪಾಸ್ ಆದವರಲ್ಲಿ ಎರಡನೇ ವರ್ಷ ಕುಡಿತದ ತೊಂದರೆ ಹೆಚ್ಚಿದ್ದನ್ನು ತೋರಿಸಿತು. 2016ರಲ್ಲಿ ಕೆನಡಾದ ಒಂಟಾರಿಯೊದ ಅಧ್ಯಯನ ತಮ್ಮನ್ನು ತಾವೇ ಘಾಸಿ ಮಾಡಿಕೊಂಡು ಆಸ್ಪತ್ರೆಗೆ ಬರುವವರ ಪ್ರಮಾಣವೂ ಆಪರೇಷನ್ನಿನ ನಂತರ ಏರುತ್ತದೆ ಎಂದಿತು. ಮನೋವೈದ್ಯರ ಬಳಿ ಕಳಿಸುವುದು ಹುಚ್ಚು ಪತ್ತೆ ಮಾಡಲು ಎಂದು ತಿಳಿದು ತಪ್ಪಿಸಿಕೊಳ್ಳುವವರಿದ್ದಾರೆ. ಧಾರವಾಡದ ಡಿಮ್ಹಾನ್ಸ್‌ನಂಥ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಈ ಭಾಗಕ್ಕೆ ಹತ್ತಿರದಲ್ಲೇ ಇದೆ. ಕುಡಿತ, ಖಿನ್ನತೆ, ರಾತ್ರಿ ಕದ್ದು ತಿನ್ನುವುದು, ಯಾವುದಿದ್ದರೂ ಮೊದಲೇ ಬಾಯಿಬಿಡುವುದು ಸುರಕ್ಷಿತ.

ಬೆಂಬಲ ಹುಟ್ಟಿದ್ದು ಮನೆಗಳಲ್ಲಿ

ಬೆಂಬಲದ ಗುಂಪುಗಳ ಚರಿತ್ರೆ ಆಪರೇಷನ್ನಿಗಿಂತ ಹಳೆಯದು, ಶುರು ಮಾಡಿದವರು ಗೃಹಿಣಿಯರು. 1948ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಎಸ್ತರ್ ಮ್ಯಾನ್ಜ್ ತೂಕ ಇಳಿಸಬೇಕೆಂದವರ ಸಂಘ ಕಟ್ಟಿದರು. ನ್ಯೂಯಾರ್ಕಿನ ಜೀನ್ ನೈಡೆಚ್ 1961ರಲ್ಲಿ ಗೆಳತಿಯರನ್ನು ಮನೆಗೆ ಕರೆದು ತಿನ್ನುವ ಚಪಲದ ಬಗ್ಗೆ ಮಾತಾಡಲು ಶುರು ಮಾಡಿದ್ದೇ 1963ರಲ್ಲಿ ಕಂಪನಿಯಾಯಿತು. ಶಸ್ತ್ರಚಿಕಿತ್ಸಕರು ಈ ಉಪಾಯವನ್ನು ಆಮೇಲೆ ಎತ್ತಿಕೊಂಡರು. ಆಪರೇಷನ್ ಆದವರನ್ನೂ ಆಗಬೇಕಾದವರನ್ನೂ ಒಟ್ಟಿಗೆ ಕೂರಿಸುವ ಸಭೆ ಈಗ ಒಳ್ಳೆಯ ಕೇಂದ್ರಗಳ ಗುರುತು. ಇಂಥ ಸಭೆಗೆ ತಪ್ಪದೆ ಬರುವವರು ಹೆಚ್ಚು ತೂಕ ಇಳಿಸಿಕೊಳ್ಳುತ್ತಾರೆ ಎಂದು ಹಲವು ಅಧ್ಯಯನಗಳು ಕಂಡಿವೆ.

ಇಂಥ ಸಭೆಗಳು ನಡೆಯುವುದು ನಗರಗಳಲ್ಲಿ. ತಾಲೂಕಿನವರಿಗೆ ಇನ್ನೊಂದು ತೊಡಕು ಗುಟ್ಟು. ಮೈ ತುಂಬಿಕೊಂಡರೆ ಮೆಚ್ಚುವ ನೆಂಟರೇ ತೂಕ ಇಳಿದಾಗ "ಯಾಕ ಇಷ್ಟ ಸೊರಗೀರಿ?" ಎಂದು ಕೇಳುತ್ತಾರೆ. ಉತ್ತರ ಹೇಳಲು ನಾಚಿ ಗುಟ್ಟಾಗಿ ಆಪರೇಷನ್ ಮಾಡಿಸಿಕೊಂಡವರಿಗೆ ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿ ಒತ್ತಾಯಿಸುವವರನ್ನು ತಡೆಯುವ ಬಗೆಯೇ ಇರುವುದಿಲ್ಲ. ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆ, ವಾರದ ಒಪ್ಪತ್ತು, ಉಪವಾಸದ ಸಾಬುದಾಣಿ ಇವೆಲ್ಲ ಆಹಾರದ ವೇಳಾಪಟ್ಟಿಗೆ ಅಡ್ಡ ಬರುತ್ತವೆ. ಆಪರೇಷನ್ನಿನ ದಿನ ಗೊತ್ತುಮಾಡುವಾಗಲೇ ಈ ಪಂಚಾಂಗವನ್ನೂ ಮುಂದಿಟ್ಟುಕೊಳ್ಳಬೇಕು.

ಕರ್ನಾಟಕದ ಹಳ್ಳಿಗಳಿಗೆ ಸಂಘ ಕಟ್ಟುವುದು ಹೊಸದಲ್ಲ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಲ್ಲಿ ಹೆಂಗಸರು ವರ್ಷಾನುಗಟ್ಟಲೆ ಒಟ್ಟಿಗೆ ಕೂತು ದುಡ್ಡಿನ ಲೆಕ್ಕ ನೋಡಿದ್ದಾರೆ. ಅದೇ ಪದ್ಧತಿಯಲ್ಲಿ ತೂಕ, ಸಕ್ಕರೆ, ನಡಿಗೆಯ ಲೆಕ್ಕ ನೋಡುವುದಕ್ಕೆ ಬೇಕಾದದ್ದು ತೂಕದ ಯಂತ್ರ ಮತ್ತು ಆಗಾಗ ಬಂದು ಮಾತಾಡುವ ಒಬ್ಬ ಆಹಾರ ತಜ್ಞೆ. ಬೆಳಗಾವಿ, ಧಾರವಾಡದ ಆಸ್ಪತ್ರೆಗಳು ತಿಂಗಳಿಗೊಮ್ಮೆ ಸವದತ್ತಿಯಲ್ಲೋ ಬೈಲಹೊಂಗಲದಲ್ಲೋ ಇಂಥ ಸಭೆ ನಡೆಸಿದರೆ ಸುತ್ತಲಿನವರಿಗೆ ಎಟುಕುತ್ತದೆ.

ಈಗಿನ ತಿರುವು

2025ರಲ್ಲಿ ಟಿರ್ಜೆಪಟೈಡ್, ಸೆಮಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ತೂಕದ ಇಂಜೆಕ್ಷನ್‌ಗಳು ಭಾರತದ ಪೇಟೆಗೆ ಬಂದವು. ಕೆಲವರಿಗೆ ಇವು ಆಪರೇಷನ್ನನ್ನು ತಪ್ಪಿಸಬಹುದು, ಕೆಲವರನ್ನು ಅದಕ್ಕೆ ಸಜ್ಜು ಮಾಡಬಹುದು. ಬಿಟ್ಟರೆ ತೂಕ ಮರಳುತ್ತದೆ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವುದರಿಂದ ಅರಿವಳಿಕೆ ಕೊಡುವವರಿಗೆ ತಪ್ಪದೆ ತಿಳಿಸಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 24ರಷ್ಟು ಹೆಂಗಸರು, ಶೇ. 23ರಷ್ಟು ಗಂಡಸರು ಮಿತಿಮೀರಿದ ತೂಕದವರು; ಕರ್ನಾಟಕದಲ್ಲಿ ಇದು ಶೇ. 30ರ ಆಸುಪಾಸು. ಇವರಲ್ಲಿ ಆಪರೇಷನ್ ಬೇಕಾದವರು ಕೆಲವರೇ. ಆ ಕೆಲವರಿಗೆ ಹೇಳಬೇಕಾದದ್ದು ಇಷ್ಟು: ಸರ್ಜನ್ನರನ್ನು ಹುಡುಕುವ ಮೊದಲು ಜೊತೆಗಾರರನ್ನು ಹುಡುಕಿ. ಮನೆಯಲ್ಲಿ ಅಡುಗೆ ಮಾಡುವವರನ್ನು ಮೊದಲ ಭೇಟಿಗೇ ಕರೆದೊಯ್ಯಿರಿ. ಆಪರೇಷನ್ ಆಗಿ ಎರಡು ವರ್ಷ ಕಳೆದ ಒಬ್ಬರ ಜೊತೆ ಮಾತಾಡಿಸಿ ಎಂದು ಆಸ್ಪತ್ರೆಯನ್ನು ಕೇಳಿ. ವರ್ಷಕ್ಕೆ ಎಷ್ಟು ಸಲ ತಪಾಸಣೆಗೆ ಬರಬೇಕು, ರಾತ್ರಿ ಹೊಟ್ಟೆನೋವು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಳ್ಳಿ. ಈ ಪ್ರಶ್ನೆಗಳಿಗೆ ಉತ್ತರ ಕೊಡದ ಕಡೆ ದಿನ ಗೊತ್ತುಮಾಡಬೇಡಿ.