ಲಂಡನ್ನಿನಲ್ಲಿ ಸಿಕ್ಕಿಬಿದ್ದ ನಿಜಾಮರ ಹಣ

೧೯೪೮ನೆಯ ಸೆಪ್ಟೆಂಬರ್ ೧೭ರಂದು ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತದ ಸೈನ್ಯದೆದುರು ಕದನ ನಿಲ್ಲಿಸಿದರು. ಮೂರು ದಿನಗಳ ಮೇಲೆ, ೨೦ನೆಯ ತಾರೀಖು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ನಿಜಾಮರ ಸರಕಾರದ ಲೆಕ್ಕದಲ್ಲಿದ್ದ ೧೦,೦೭,೯೪೦ ಪೌಂಡು ೯ ಷಿಲಿಂಗು ಮತ್ತೊಬ್ಬರ ಲೆಕ್ಕಕ್ಕೆ ವರ್ಗವಾಯಿತು. ವರ್ಗ ಮಾಡಿಸಿದವರು ಸಂಸ್ಥಾನದ ಮಂತ್ರಿ ಮೊಯಿನ್ ನವಾಜ್ ಜಂಗ್. ಪಡೆದವರು ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮ್‌ತೂಲಾ. ಅಂದಿನ ದರದಲ್ಲಿ ಅದು ಸುಮಾರು ಒಂದು ಕೋಟಿ ಮೂವತ್ತನಾಲ್ಕು ಲಕ್ಷ ರೂಪಾಯಿ.

ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ಬೊಕ್ಕಸದ ಹಣವೆಂದರೆ ಅದರಲ್ಲಿ ನಮ್ಮ ಕಡೆಯ ರೈತನ ಕಂದಾಯವೂ ಇದ್ದೀತು. ಈ ಮಾತನ್ನು ಮುಂದೆ ಯಾವ ವಕೀಲರೂ ಎತ್ತಲಿಲ್ಲ.

೨೭ರಂದು ನಿಜಾಮರು ಬ್ಯಾಂಕಿಗೆ ತಿಳಿಸಿದರು: ಈ ವರ್ಗಾವಣೆಗೆ ನಮ್ಮ ಅಪ್ಪಣೆಯಿಲ್ಲ, ಹಣವನ್ನು ಹಿಂದಿರುಗಿಸಿ ಎಂದು. ಅಪ್ಪಣೆಯಿಲ್ಲದೆ ಕೈಬದಲಾದ ಹಣವನ್ನು ಮರಳಿಸಬೇಕೆಂಬುದು ಸಂತೆಯ ವ್ಯಾಪಾರಿಗೂ ತಿಳಿದ ನ್ಯಾಯ. ಆದರೆ ಬ್ಯಾಂಕಿಗೆ ಈಗ ಗಿರಾಕಿ ರಹಿಮ್‌ತೂಲಾ. ಅವರ ಒಪ್ಪಿಗೆಯಿಲ್ಲದೆ ಒಂದು ಕಾಸನ್ನೂ ಕೊಡುವಂತಿಲ್ಲ. ೧೯೫೪ರಲ್ಲಿ ನಿಜಾಮರು ಲಂಡನ್ನಿನಲ್ಲಿಯೇ ದಾವೆ ಹೂಡಿದರು.

ತೊಡಕು ಬಂದದ್ದು ಇಲ್ಲಿ. ಒಂದು ದೇಶದ ನ್ಯಾಯಾಲಯ ಇನ್ನೊಂದು ಸ್ವತಂತ್ರ ರಾಜ್ಯವನ್ನು ಅದರ ಇಚ್ಛೆಗೆ ವಿರೋಧವಾಗಿ ಕಟಕಟೆಗೆ ಎಳೆಯಬಾರದೆಂಬುದು ಹಳೆಯ ಕಟ್ಟಳೆ. ರಹಿಮ್‌ತೂಲಾರು ಆ ಹಣವನ್ನು ತಮ್ಮ ರಾಜ್ಯದ ಪರವಾಗಿ ಹಿಡಿದಿರುವುದರಿಂದ ಅವರ ಮೇಲಿನ ದಾವೆ ಪಾಕಿಸ್ತಾನದ ಮೇಲಿನ ದಾವೆಯೇ ಆಗುತ್ತದೆ ಎಂದು ವಾದ. ಮೊದಲ ನ್ಯಾಯಾಧೀಶರು ಇದನ್ನೊಪ್ಪಿದರು, ಅಪೀಲು ನ್ಯಾಯಾಲಯ ಒಪ್ಪಲಿಲ್ಲ. ೧೯೫೭ರಲ್ಲಿ ಲಾರ್ಡುಗಳ ಸಭೆ ಮತ್ತೆ ಒಪ್ಪಿತು. ಹಣ ಯಾರದೆಂದು ಯಾರೂ ಹೇಳಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಬಾಗಿಲೇ ಮುಚ್ಚಿತು. ಲಾರ್ಡ್ ಡೆನ್ನಿಂಗರೊಬ್ಬರು ಮಾತ್ರ, ಇಂಥ ರಕ್ಷಣೆಗೆ ಆಧಾರವೇನೆಂಬುದನ್ನೇ ಹೊಸದಾಗಿ ಯೋಚಿಸಬೇಕೆಂದು ದೀರ್ಘವಾಗಿ ಬರೆದರು. ಉಳಿದವರು ಅಷ್ಟು ದೂರ ಹೋಗಲು ಒಪ್ಪಲಿಲ್ಲ.

ನಿಜಾಮರು ೧೯೬೭ರಲ್ಲಿ ತೀರಿಕೊಂಡರು. ೧೯೭೧ರಲ್ಲಿ ಇಂಗ್ಲೆಂಡು ದಶಮಾಂಶ ನಾಣ್ಯಕ್ಕೆ ಹೊರಳಿದಾಗ ಆ ಒಂಬತ್ತು ಷಿಲಿಂಗುಗಳು ಕೂಡ ಲೆಕ್ಕದಿಂದ ಮರೆಯಾದವು. ಬಡ್ಡಿ ಮಾತ್ರ ಬೆಳೆಯುತ್ತಿತ್ತು.

ಬಾಗಿಲು ತೆರೆದವರು ಪಾಕಿಸ್ತಾನದವರೇ! ೨೦೧೩ರಲ್ಲಿ ಹಣ ತಮಗೆ ಬರಬೇಕೆಂದು ತಾವಾಗಿ ದಾವೆ ತಂದರು. ತಾನೇ ವಾದಿಯಾಗಿ ಬಂದವನು, ತನ್ನನ್ನು ವಿಚಾರಿಸಕೂಡದೆನ್ನುವುದು ಹೇಗೆ? ದಾವೆಯನ್ನು ಹಿಂತೆಗೆಯಲು ನೋಡಿದಾಗ ನ್ಯಾಯಾಲಯ ಬಿಡಲಿಲ್ಲ. ಇತ್ತ ನಿಜಾಮರ ಇಬ್ಬರು ಮೊಮ್ಮಕ್ಕಳೂ ಭಾರತ ಸರಕಾರವೂ ತಮ್ಮೊಳಗೆ ರಾಜಿ ಮಾಡಿಕೊಂಡು ಒಂದೇ ಪಕ್ಷವಾಗಿ ನಿಂತರು.

ಆ ಹಣ ನಿಜಾಮರಿಗೆ ಒದಗಿಸಿದ ಆಯುಧಗಳ ಬಾಬತ್ತು ಎಂದು ಪಾಕಿಸ್ತಾನ ವಾದಿಸಿತು. ೨೦೧೯ರ ಅಕ್ಟೋಬರ್ ೨ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ತೀರ್ಪಿತ್ತರು. ಆಯುಧ ಒದಗಿಸಿದ್ದಿರಬಹುದು, ಆದರೆ ಈ ಹಣ ಅದರ ಬೆಲೆಯೆಂಬುದಕ್ಕೆ ಆಧಾರವಿಲ್ಲ. ರಹಿಮ್‌ತೂಲಾರು ಅದನ್ನು ನಿಜಾಮರ ಪರವಾಗಿ ನ್ಯಾಸವಾಗಿಯೇ ಇಟ್ಟುಕೊಂಡಿದ್ದರು ಎಂದರು. ಆ ಹೊತ್ತಿಗೆ ಮೊತ್ತ ಸುಮಾರು ಮೂರೂವರೆ ಕೋಟಿ ಪೌಂಡಿಗೆ ಮುಟ್ಟಿತ್ತು. ಮೊಮ್ಮಕ್ಕಳಿಗೂ ಭಾರತಕ್ಕೂ ಆದ ಪಾಲಿನ ಕರಾರು ಗುಟ್ಟಿನದು.