ದುರ್ವಾಸನೆ ಮರದಿಂದ ನೆನಪಿನ ತರಬೇತಿಯವರೆಗೆ

ಮಲಪ್ರಭಾ ನದಿ ಹುಟ್ಟುವ ಕಣಕುಂಬಿಯನ್ನು ಒಳಗೊಂಡ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡು ಪಶ್ಚಿಮಘಟ್ಟಕ್ಕೆ ಸೇರಿದ್ದು, ಹೂವಿನ ಕೆಟ್ಟ ವಾಸನೆಯಿಂದಾಗಿ ದುರ್ವಾಸನೆ ಮರವೆಂದು ಹೆಸರಾದ ಸಣ್ಣ ಮರವೊಂದು ಇದೇ ಘಟ್ಟಶ್ರೇಣಿಯದು. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ 1966ರಲ್ಲಿ ಚೀನಾ ಮೂಲದ ಮರದಿಂದ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತು, 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರ ಶೋಧನೆಯಿಂದ ದುರ್ವಾಸನೆ ಮರದಲ್ಲೂ ಪತ್ತೆಯಾಯಿತು. ಆ ವಸ್ತುವಿನಿಂದ ರೂಪುಗೊಂಡ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ 1996ರಲ್ಲಿ ಮಾನ್ಯತೆ ದೊರೆಯಿತು. ಕಚ್ಚಾವಸ್ತುವಿನ ಬೇಡಿಕೆಯಿಂದ ಘಟ್ಟದ ಈ ಮರಗಳಿಗೆ ಕೊಡಲಿ ಬಿತ್ತು.

ಕಾಡಿನ ಮರ ಜಗತ್ತಿನ ಔಷಧವಾದರೂ ಚಿಕಿತ್ಸೆ ಮಾತ್ರ ಈ ಸೀಮೆಗೆ ಬಹುಕಾಲ ದೂರವೇ ಉಳಿದಿತ್ತು. ಕ್ಯಾನ್ಸರ್ ಚಿಕಿತ್ಸೆಗೆಂದೇ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದವು. ಬೆಳಗಾವಿಯಲ್ಲಿ 1916ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದಿತ್ತಾದರೂ, ಅದರ ಪ್ರತ್ಯೇಕ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಗೊಂಡದ್ದು 2025ರ ಜನವರಿಯಲ್ಲಿ.

ಚಿಕಿತ್ಸೆ ಕೈಗೆಟುಕಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಕೀಮೋಥೆರಪಿ, ಅಂದರೆ ಔಷಧಗಳಿಂದ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವ ಚಿಕಿತ್ಸೆ, ಪಡೆದವರಲ್ಲಿ ಕೆಲವರಿಗೆ ಗಮನ ನಿಲ್ಲದಿರುವುದು, ಹೆಸರು ನಾಲಗೆಯ ತುದಿಗೆ ಬಂದರೂ ಹೊರಡದಿರುವುದು, ಹೇಳಿದ್ದು ಕೂಡಲೇ ಮರೆಯುವುದು ಮುಂತಾದ ತೊಂದರೆಗಳು ಉಳಿಯುತ್ತವೆ; ಆಯಾಸ, ನಿದ್ರಾಹೀನತೆ, ಆತಂಕಗಳು ಇವನ್ನು ಹೆಚ್ಚಿಸುತ್ತವೆ. 1990ರ ದಶಕದಲ್ಲಿ ಸ್ತನ ಕ್ಯಾನ್ಸರ್‌ನಿಂದ ಗುಣಮುಖರಾದ ಮಹಿಳೆಯರ ಅಧ್ಯಯನಗಳು ಪ್ರಕಟವಾಗುವವರೆಗೆ ಈ ತೊಂದರೆಗಳನ್ನು ಬರಿಯ ಮನೋವೇದನೆಯೆಂದು ಬದಿಗೆ ಸರಿಸಿದ್ದೇ ಹೆಚ್ಚು.

ಪರಿಹಾರದ ದಾರಿ ಹೊಸದಲ್ಲ. ತಲೆಗೆ ಪೆಟ್ಟು ಬಿದ್ದವರಿಗಾಗಿ ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್ ಬಳಸಿದ ಅರಿವಿನ ಪುನರ್‌ತರಬೇತಿಯಲ್ಲಿ, ಅಂದರೆ ಕುಂದಿದ ಗಮನ ಮತ್ತು ನೆನಪನ್ನು ಅಭ್ಯಾಸದಿಂದ ಮತ್ತೆ ರೂಢಿಸುವ ಕ್ರಮದಲ್ಲಿ, ಬೆರೆಸಿದ ಧಾನ್ಯಗಳನ್ನು ಬೇರೆಬೇರೆಯಾಗಿ ಆರಿಸುವ ಅಭ್ಯಾಸವೂ ಇದೆ: ತಗಲಿದ ಸಮಯ ಮತ್ತು ಆದ ತಪ್ಪುಗಳನ್ನು ಬರೆದಿಟ್ಟು, ರೋಗಿ ಸುಧಾರಿಸಿದಂತೆ ಕೆಲಸವನ್ನು ಹಂತಹಂತವಾಗಿ ಕಠಿಣಗೊಳಿಸಲಾಗುತ್ತದೆ. ಇದಕ್ಕೆ ಯಂತ್ರ ಬೇಡ, ಅಕ್ಷರಜ್ಞಾನವೂ ಬೇಡ. ಆದ್ದರಿಂದ ಖಾನಾಪುರದ ಹಳ್ಳಿಯ ಮನೆಯಲ್ಲೂ ಇದು ಸಾಧ್ಯ. ಆದರೆ ಪದಗಳ ನೆನಪನ್ನು ಅಳೆಯುವ ಪರೀಕ್ಷೆಗಳು ರೋಗಿಯ ಮನೆಮಾತಿನಲ್ಲೇ ಇರಬೇಕು. ಕನ್ನಡ, ಮರಾಠಿ, ಕೊಂಕಣಿಗಳು ಕೂಡಿ ಬಾಳುವ ಈ ಗಡಿಸೀಮೆಯಲ್ಲಿ ಪರಭಾಷೆಯ ತಡವರಿಕೆಯನ್ನು ಮರೆವೆಂದು ಎಣಿಸಿದರೆ ರೋಗಿಗೆ ಅನ್ಯಾಯವಾಗುತ್ತದೆ. ಜೀವ ಉಳಿಸಿದ ಚಿಕಿತ್ಸೆಯ ಹೊಣೆ ಆ ಜೀವದ ನೆನಪನ್ನೂ ಕಾಯುವಲ್ಲಿಗೆ ಮುಟ್ಟಬೇಕು.